ಗೇಮ್ ಯಂತ್ರಗಳ ಗ್ರಾಫಿಕ್ಸ್ ಪೈಪೋಟಿ: ಅದಿರು ಯಾರದು, ಉಕ್ಕು ಯಾರದು?

ಸೋನಿ ಕಂಪನಿಯ ಪ್ಲೇಸ್ಟೇಷನ್ ಮೇಲೋ, ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ ಮೇಲೋ ಎಂಬ ಪ್ರಶ್ನೆ ಮಹಾನಗರಗಳ ಮಕ್ಕಳಿಗೆ ಮಾತ್ರ ಸೇರಿದ್ದೆಂದು ತಿಳಿಯುವ ಕಾಲವೊಂದಿತ್ತು. ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ವಿಡಿಯೋ ಗೇಮ್ ಎಂದರೆ ಟಿವಿಗೆ ಜೋಡಿಸುವ ಅಗ್ಗದ 8 ಬಿಟ್ ಪೆಟ್ಟಿಗೆ, ಅದರ ಬೆನ್ನಿಗೆ ಸಿಕ್ಕಿಸುವ ಕ್ಯಾಸೆಟ್ ಅಷ್ಟೇ ಆಗಿತ್ತು. ಆ ಕಾಲ ಕಳೆದಿದೆ. ಇಂದು ಅಂಗೈಯಲ್ಲಿ ಮೊಬೈಲ್ ಹಿಡಿದ ಹೈಸ್ಕೂಲು ಹುಡುಗ ಟೆರಾಫ್ಲಾಪ್, ರೇ ಟ್ರೇಸಿಂಗ್, 4ಕೆ ಎಂಬ ಪದಗಳನ್ನು ಕ್ರಿಕೆಟ್ ಸ್ಕೋರಿನಷ್ಟೇ ಸಲೀಸಾಗಿ ಹೇಳಬಲ್ಲ. ಅವನ ತಂದೆಗೆ ಮಾತ್ರ ಈ ಅಂಕಿಗಳ ಹಿಂದಿರುವ ವ್ಯತ್ಯಾಸ ಸುಮಾರು 50 ಸಾವಿರ ರೂಪಾಯಿಯ ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ.

ಈ ಪ್ರಶ್ನೆ ಮತ್ತೆ ಬಿಸಿಯೇರಲು ಕಾರಣಗಳಿವೆ. ಬಹುಕಾಲ ಪ್ರತಿ ಕಂಪನಿಯೂ ತನ್ನ ಪ್ರತಿಷ್ಠೆಯ ಆಟಗಳನ್ನು ತನ್ನ ಯಂತ್ರಕ್ಕೆ ಮಾತ್ರ ಮೀಸಲಿಡುತ್ತಿತ್ತು. ಆಟ ನೋಡಿ ಯಂತ್ರ ಕೊಳ್ಳುವುದು ವಾಡಿಕೆಯಾಗಿತ್ತು. 2025ರಲ್ಲಿ ಆ ಗೋಡೆ ಕುಸಿಯತೊಡಗಿತು. ಮೈಕ್ರೋಸಾಫ್ಟ್‌ನ 'ಫೋರ್ಜಾ ಹೊರೈಜನ್ 5' ಆ ವರ್ಷದ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂತು. ಎಕ್ಸ್‌ಬಾಕ್ಸ್‌ನ ಗುರುತೇ ಆಗಿದ್ದ 'ಹೇಲೋ' ಕೂಡ ಎದುರಾಳಿಯ ಯಂತ್ರಕ್ಕೆ ಬರಲಿದೆ ಎಂದು ಅಕ್ಟೋಬರ್‌ನಲ್ಲಿ ಘೋಷಣೆಯಾಯಿತು. ಜಗತ್ತೇ ಕಾದು ಕುಳಿತ 'ಗ್ರ್ಯಾಂಡ್ ಥೆಫ್ಟ್ ಆಟೋ 6'ಕ್ಕೆ 2026ರ ನವೆಂಬರ್ 19ರ ದಿನಾಂಕವನ್ನು ರಾಕ್‌ಸ್ಟಾರ್ ಸಂಸ್ಥೆ 2025ರ ನವೆಂಬರ್‌ನಲ್ಲಿ ಪ್ರಕಟಿಸಿದಾಗಲೂ ಅದು ಎರಡೂ ಯಂತ್ರಗಳಿಗೆಂದೇ ಹೇಳಿತು. ಆಟ ಒಂದೇ ಆದಮೇಲೆ ಉಳಿಯುವ ವ್ಯತ್ಯಾಸ ಚಿತ್ರದ ಗುಣಮಟ್ಟ. ಆದ್ದರಿಂದ ಯಾರ ಗ್ರಾಫಿಕ್ಸ್ ಮೇಲು ಎಂಬ ತರ್ಕಕ್ಕೆ ಹೊಸ ಜೀವ ಬಂದಿದೆ.

ಆದರೆ ಈ ಹೋಲಿಕೆಯನ್ನು ಸಂಡೂರಿನಲ್ಲಿ ನಿಂತು ಮಾಡುವುದಕ್ಕೂ ಕ್ಯಾಲಿಫೋರ್ನಿಯಾದಲ್ಲಿ ನಿಂತು ಮಾಡುವುದಕ್ಕೂ ವ್ಯತ್ಯಾಸವಿದೆ. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು. ಕೊಳ್ಳುವ ಮನೆಗೆ ಈ ಅಂಕಿಗಳಿಂದ ದಕ್ಕುವುದೆಷ್ಟು? ಈ ಬಲಿಷ್ಠ ಯಂತ್ರಗಳು ಚಿತ್ರಿಸುವ ಲೋಕದಲ್ಲಿ ನಮ್ಮ ನೆಲಕ್ಕೂ ನಮ್ಮ ಕೈಗಳಿಗೂ ಇರುವ ಪಾಲೆಷ್ಟು?

ಲಾರಿಗಳ ಲೆಕ್ಕ

ಮೊದಲು ಅಂಕಿಗಳನ್ನು ಅರ್ಥ ಮಾಡಿಕೊಳ್ಳೋಣ. ಟೆರಾಫ್ಲಾಪ್ ಎಂದರೆ ಯಂತ್ರವು ಒಂದು ಸೆಕೆಂಡಿನಲ್ಲಿ ಮಾಡಬಲ್ಲ ಲಕ್ಷ ಕೋಟಿ ಗಣಿತ ಕ್ರಿಯೆಗಳು. 2020ರ ನವೆಂಬರ್‌ನಲ್ಲಿ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನದು 12.15 ಟೆರಾಫ್ಲಾಪ್. ಅದೇ ತಿಂಗಳು ಬಂದ ಪ್ಲೇಸ್ಟೇಷನ್ 5ರದು 10.28. ಎಕ್ಸ್‌ಬಾಕ್ಸ್‌ನ ಅಗ್ಗದ ತಮ್ಮನಾದ ಸೀರೀಸ್ ಎಸ್‌ನದು 4.

ಸಂಡೂರಿನವರಿಗೆ ಇದನ್ನು ಅದಿರು ಲಾರಿಗಳ ಮೂಲಕ ಹೇಳುವುದು ಸುಲಭ. ಗಣಿಯಿಂದ ದಿನಕ್ಕೆ ಎಷ್ಟು ಅದಿರು ಇಳಿಯುತ್ತದೆ ಎಂಬುದು ಮೂರು ಸಂಗತಿಗಳ ಗುಣಲಬ್ಧ: ಲಾರಿಗಳೆಷ್ಟು, ಒಂದು ಲಾರಿ ಹೊರುವುದೆಷ್ಟು, ದಿನಕ್ಕೆ ಎಷ್ಟು ಟ್ರಿಪ್. ಗ್ರಾಫಿಕ್ಸ್ ಚಿಪ್ಪಿನೊಳಗೂ ಅದೇ ಲೆಕ್ಕ. ಸೀರೀಸ್ ಎಕ್ಸ್‌ನಲ್ಲಿ 52 ಗಣನಾ ಘಟಕಗಳಿವೆ, ಅವು 1.825 ಗಿಗಾಹರ್ಟ್ಸ್ ವೇಗದಲ್ಲಿ ಓಡುತ್ತವೆ. ಪ್ಲೇಸ್ಟೇಷನ್ 5ರಲ್ಲಿ 36 ಘಟಕಗಳು ಮಾತ್ರ, ಆದರೆ ವೇಗ ಗರಿಷ್ಠ 2.23 ಗಿಗಾಹರ್ಟ್ಸ್. ಪ್ರತಿ ಘಟಕವೂ ಒಂದು ಸುತ್ತಿಗೆ 128 ಕ್ರಿಯೆಗಳನ್ನು ಹೊರುತ್ತದೆ. ಗುಣಿಸಿ ನೋಡಿದರೆ ಮೇಲಿನ ಅಂಕಿಗಳೇ ಬರುತ್ತವೆ. ಒಬ್ಬ ಮಾಲೀಕ ಹೆಚ್ಚು ಲಾರಿಗಳನ್ನಿಟ್ಟು ನಿಧಾನವಾಗಿ ಓಡಿಸಿದ, ಇನ್ನೊಬ್ಬ ಕಡಿಮೆ ಲಾರಿಗಳನ್ನಿಟ್ಟು ವೇಗವಾಗಿ ಓಡಿಸಿದ. ಒಟ್ಟು ಸಾಗಣೆಯಲ್ಲಿ ಮೊದಲನೆಯವನು ಶೇ 18ರಷ್ಟು ಮುಂದಿದ್ದಾನೆ.

ಆದರೆ ಲಾರಿ ಇದ್ದ ಮಾತ್ರಕ್ಕೆ ಅದಿರು ಸಾಗದು ಎಂಬುದು ನಮ್ಮ ಭಾಗದವರಿಗೆ ಗೊತ್ತಿರುವ ಸಂಗತಿ. ರಸ್ತೆ ಅಗಲವಿರಬೇಕು, ದಾಸ್ತಾನು ಅಂಗಳದಲ್ಲಿ ತುಂಬುವ ಕೆಲಸ ಬೇಗ ಆಗಬೇಕು. ಇಲ್ಲಿ ರಸ್ತೆಯೆಂದರೆ ಮೆಮೊರಿಯ ಹರಿವು. ಸೀರೀಸ್ ಎಕ್ಸ್‌ನ 16 ಜಿಬಿಯಲ್ಲಿ 10 ಜಿಬಿಗೆ ಸೆಕೆಂಡಿಗೆ 560 ಜಿಬಿ ಹರಿವು, ಉಳಿದ 6 ಜಿಬಿಗೆ 336. ಪ್ಲೇಸ್ಟೇಷನ್ 5ರಲ್ಲಿ 16 ಜಿಬಿಗೂ ಒಂದೇ ಅಗಲದ ರಸ್ತೆ, ಸೆಕೆಂಡಿಗೆ 448 ಜಿಬಿ. ಅಂಗಳವೆಂದರೆ ಆಟವನ್ನು ತುಂಬಿಟ್ಟ ಎಸ್‌ಎಸ್‌ಡಿ. ಅಲ್ಲಿ ಸೋನಿಯದು ಸೆಕೆಂಡಿಗೆ 5.5 ಜಿಬಿ, ಮೈಕ್ರೋಸಾಫ್ಟ್‌ನದು 2.4. ಒಂದರಲ್ಲಿ ಮುಂದಿದ್ದವರು ಇನ್ನೊಂದರಲ್ಲಿ ಹಿಂದೆ. ಪೆಟ್ಟಿಗೆಯ ಮೇಲೆ ಮುದ್ರಿಸುವ ಒಂದು ಅಂಕಿಯಿಂದ ಇಡೀ ಯಂತ್ರವನ್ನು ತೂಗಲಾಗದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಕಾಗದದ ಅಂಕಿ, ತೆರೆಯ ಚಿತ್ರ

ತೆರೆಯ ಮೇಲೆ ನಡೆದದ್ದೂ ಅದೇ. 2020ರ ನವೆಂಬರ್‌ನಲ್ಲಿ ಎರಡೂ ಯಂತ್ರಗಳಿಗೆ 'ಅಸ್ಯಾಸಿನ್ಸ್ ಕ್ರೀಡ್ ವಲ್ಹಾಲಾ' ಆಟ ಬಂದಾಗ, ಕಾಗದದಲ್ಲಿ ದುರ್ಬಲವಾಗಿದ್ದ ಪ್ಲೇಸ್ಟೇಷನ್ 5ರಲ್ಲಿಯೇ ಅದು ಹೆಚ್ಚು ಸರಾಗವಾಗಿ ಓಡಿತು. ಮುಂದಿನ ವರ್ಷಗಳಲ್ಲಿ ಬಂದ ಆಟಗಳಲ್ಲಿ ಕೆಲವು ಇತ್ತ, ಕೆಲವು ಅತ್ತ ವಾಲಿದವು. ಅಂತರ ಎಷ್ಟು ಸಣ್ಣದೆಂದರೆ, ಚಿತ್ರವನ್ನು ನಿಲ್ಲಿಸಿ, ಹಿಗ್ಗಿಸಿ, ಪಕ್ಕಪಕ್ಕ ಇಟ್ಟಾಗ ಮಾತ್ರ ಗೋಚರಿಸುವಷ್ಟು.

ಅಂತರ ದೊಡ್ಡದಾದಾಗ ಅದು ಕಾಣದೆ ಇರುವುದಿಲ್ಲ ಎಂಬುದೂ ನಿಜ. 4 ಟೆರಾಫ್ಲಾಪ್‌ನ, 10 ಜಿಬಿ ಮೆಮೊರಿಯ ಸೀರೀಸ್ ಎಸ್ ಇದಕ್ಕೆ ಉದಾಹರಣೆ. 'ಬಾಲ್ಡರ್ಸ್ ಗೇಟ್ 3' ಆಟ 2023ರ ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂದರೂ ಎಕ್ಸ್‌ಬಾಕ್ಸ್‌ಗೆ ಬಂದದ್ದು ಡಿಸೆಂಬರ್‌ನಲ್ಲಿ. ಒಂದೇ ಟಿವಿಯನ್ನು ಇಬ್ಬರು ಹಂಚಿಕೊಂಡು ಆಡುವ ಸೌಲಭ್ಯವನ್ನು ಸೀರೀಸ್ ಎಸ್‌ನಲ್ಲಿ ಓಡಿಸುವುದು ಕಷ್ಟವಾದದ್ದೇ ತಡಕ್ಕೆ ಕಾರಣ. ಕೊನೆಗೆ ಆ ಸೌಲಭ್ಯವನ್ನು ಅದರಿಂದ ಕೈಬಿಟ್ಟು ಆಟವನ್ನು ಬಿಡುಗಡೆ ಮಾಡಲಾಯಿತು. ಆದ್ದರಿಂದ ಗ್ರಾಫಿಕ್ಸ್ ಬಲಕ್ಕೆ ಬೆಲೆಯೇ ಇಲ್ಲ ಎನ್ನುವುದು ತಪ್ಪು. ಮೂರು ಪಟ್ಟು ಅಂತರಕ್ಕೆ ಬೆಲೆಯಿದೆ, ಶೇ 18ರ ಅಂತರಕ್ಕೆ ಅಷ್ಟಾಗಿ ಇಲ್ಲ ಎನ್ನುವುದೇ ಸರಿ.

ಇತಿಹಾಸ ಏನು ಹೇಳುತ್ತದೆ

ಬಲಿಷ್ಠ ಯಂತ್ರವೇ ಗೆಲ್ಲುತ್ತದೆ ಎಂಬ ನಂಬಿಕೆಯನ್ನು ಇತಿಹಾಸವೂ ಪೂರ್ತಿಯಾಗಿ ಬೆಂಬಲಿಸುವುದಿಲ್ಲ. 2000ದಲ್ಲಿ ಬಂದ ಪ್ಲೇಸ್ಟೇಷನ್ 2ರಲ್ಲಿ 32 ಎಂಬಿ ಮೆಮೊರಿ ಇತ್ತು. ಮರುವರ್ಷ ಬಂದ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ 64 ಎಂಬಿ ಮೆಮೊರಿ, 733 ಮೆಗಾಹರ್ಟ್ಸ್ ಪ್ರೊಸೆಸರ್, ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್ ಇದ್ದವು. ಚಿತ್ರದಲ್ಲಿ ಎಕ್ಸ್‌ಬಾಕ್ಸ್ ಮೇಲುಗೈ ಸಾಧಿಸಿತ್ತು. ಮಾರಾಟವಾದದ್ದು ಮಾತ್ರ ಪ್ಲೇಸ್ಟೇಷನ್ 2. ಅದು 16 ಕೋಟಿ ತಲುಪಿತು, ಎಕ್ಸ್‌ಬಾಕ್ಸ್ 2.4 ಕೋಟಿಗೆ ನಿಂತಿತು. ಡಿವಿಡಿ ನೋಡಬಹುದು, ಆಟಗಳು ಹೇರಳ, ಬೆಲೆ ಕ್ರಮೇಣ ಇಳಿಯಿತು ಎಂಬ ಕಾರಣಗಳೇ ಗೆಲುವನ್ನು ನಿರ್ಧರಿಸಿದವು.

ಮುಂದಿನ ಸುತ್ತಿನಲ್ಲಿ ಗ್ರಾಫಿಕ್ಸ್‌ನಲ್ಲಿ ತೀರ ಹಿಂದಿದ್ದ ನಿಂಟೆಂಡೊ ವೀ 10 ಕೋಟಿ ದಾಟಿ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಎರಡನ್ನೂ ಹಿಂದಿಕ್ಕಿತು. ಅದರ ನಂತರದ ಸುತ್ತಿನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. 1.84 ಟೆರಾಫ್ಲಾಪ್‌ನ ಪ್ಲೇಸ್ಟೇಷನ್ 4, 1.31 ಟೆರಾಫ್ಲಾಪ್‌ನ ಎಕ್ಸ್‌ಬಾಕ್ಸ್ ಒನ್‌ನನ್ನು ಸೋಲಿಸಿತು. ಆದರೆ ಅಲ್ಲಿಯೂ ಬಲದ ಜೊತೆಗೆ ಬೆಲೆ ಕೆಲಸ ಮಾಡಿತ್ತು. ಅಮೆರಿಕದಲ್ಲಿ ಪ್ಲೇಸ್ಟೇಷನ್ 4 ನೂರು ಡಾಲರ್ ಅಗ್ಗವಾಗಿತ್ತು. ಹೀಗೆ ನಾಲ್ಕು ಸುತ್ತು ನೋಡಿದರೂ ಗ್ರಾಫಿಕ್ಸ್ ಒಂದೇ ನಿರ್ಣಾಯಕವಾದ ನಿದರ್ಶನ ಸಿಗುವುದಿಲ್ಲ.

ಮನೆಯ ಟಿವಿ, ಮನೆಯ ಇಂಟರ್ನೆಟ್

ಈಗ ಸಂಡೂರಿನ ಒಂದು ಮಧ್ಯಮ ವರ್ಗದ ಮನೆಯನ್ನು ಕಲ್ಪಿಸಿಕೊಳ್ಳೋಣ. ಗೋಡೆಯ ಮೇಲೆ 32 ಇಂಚಿನ ಎಚ್‌ಡಿ ಟಿವಿ ಇದೆ. ಅದರಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768, ಒಟ್ಟು ಸುಮಾರು 10.5 ಲಕ್ಷ ಬಿಂದುಗಳಿವೆ. 4ಕೆ ಚಿತ್ರದಲ್ಲಿರುವುದು ಸುಮಾರು 83 ಲಕ್ಷ ಬಿಂದುಗಳು. ಈ ಟಿವಿಗೆ 4ಕೆ ಯಂತ್ರ ಜೋಡಿಸಿದರೆ ಯಂತ್ರ ಬಿಡಿಸಿದ ಚಿತ್ರದ ಎಂಟರಲ್ಲಿ ಒಂದು ಪಾಲು ಬಿಂದುಗಳು ಮಾತ್ರ ಕಣ್ಣಿಗೆ ತಲುಪುತ್ತವೆ. 4ಕೆ ಟಿವಿ ಇದ್ದರೂ, ಹತ್ತಡಿ ದೂರದ ಮಂಚದಿಂದ ನೋಡುವ ಕಣ್ಣಿಗೆ 1440 ಗೆರೆಗಳ ಚಿತ್ರಕ್ಕೂ 2160 ಗೆರೆಗಳ ಚಿತ್ರಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ಅದೇ ಸೆಕೆಂಡಿಗೆ 30 ಚಿತ್ರಗಳು ಓಡುವುದಕ್ಕೂ 60 ಓಡುವುದಕ್ಕೂ ಇರುವ ವ್ಯತ್ಯಾಸ ಯಾರ ಕೈಗಾದರೂ ಕೂಡಲೇ ತಿಳಿಯುತ್ತದೆ. ಗುಂಡಿ ಒತ್ತಿದ್ದಕ್ಕೆ ತೆರೆ ಎಷ್ಟು ಬೇಗ ಓಗೊಡುತ್ತದೆ ಎಂಬುದು ಅದರಲ್ಲಿ ಅಡಗಿದೆ. ಹೋಲಿಸುವವರು ಮೊದಲು ನೋಡಬೇಕಾದದ್ದು ಇದನ್ನು.

ಎರಡನೆಯದು ಇಂಟರ್ನೆಟ್. ಇಂದಿನ ದೊಡ್ಡ ಆಟಗಳು 100 ಜಿಬಿ ದಾಟುತ್ತವೆ. ಚಿತ್ರ ಸೂಕ್ಷ್ಮವಾದಷ್ಟೂ ಆಟದ ಗಾತ್ರ ಬೆಳೆಯುತ್ತದೆ. ಸೆಕೆಂಡಿಗೆ 40 ಮೆಗಾಬಿಟ್ ವೇಗದ ಸಂಪರ್ಕ ಎಡೆಬಿಡದೆ ಓಡಿದರೂ 100 ಜಿಬಿ ಇಳಿಯಲು ಐದೂವರೆ ಗಂಟೆ ಬೇಕು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ನಂಬಿಕೊಂಡರೆ 50 ದಿನ. ಡಿಸ್ಕ್ ಹಾಕುವ ಜಾಗವಿಲ್ಲದ ಅಗ್ಗದ ಮಾದರಿಯನ್ನು ಕೊಳ್ಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಇರುವ ಪ್ಲೇಸ್ಟೇಷನ್ 5ಕ್ಕೆ 49,990 ರೂಪಾಯಿ, ಡಿಸ್ಕ್ ಇಲ್ಲದ್ದಕ್ಕೆ 39,990 ರೂಪಾಯಿ ಇತ್ತು. 2022ರ ನವೆಂಬರ್‌ನಲ್ಲಿ ಎರಡಕ್ಕೂ 5,000 ರೂಪಾಯಿ ಏರಿತು. ಡಿಸ್ಕ್ ಕೊಂಡವರು ಆಡಿ ಮುಗಿಸಿ ಗೆಳೆಯನಿಗೆ ಕೊಡಬಹುದು, ಮರುಮಾರಾಟ ಮಾಡಬಹುದು. ಹತ್ತು ಸಾವಿರದ ಉಳಿತಾಯ ಕೆಲವೇ ಆಟಗಳಲ್ಲಿ ಕರಗಬಲ್ಲದು. ಇದು ಗ್ರಾಫಿಕ್ಸ್ ಹೋಲಿಕೆಯ ಪಟ್ಟಿಗಳಲ್ಲಿ ಬಾರದ ಸಾಲು, ಆದರೆ ಮನೆಯ ಲೆಕ್ಕದಲ್ಲಿ ಮೊದಲ ಸಾಲು.

ಬಲವಿದ್ದೂ ಬಾಗಿಲಿಗೆ ಬಾರದ ಯಂತ್ರದ ಕಥೆಯೂ ಇದೆ. 2024ರ ನವೆಂಬರ್ 7ರಂದು ಸೋನಿ 16.7 ಟೆರಾಫ್ಲಾಪ್‌ನ ಪ್ಲೇಸ್ಟೇಷನ್ 5 ಪ್ರೊ ಬಿಡುಗಡೆ ಮಾಡಿದಾಗ ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಯಂತ್ರದ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಾಂತರಕ್ಕೆ ಇಲ್ಲಿ ಅನುಮತಿ ಇಲ್ಲದಿದ್ದುದೇ ಕಾರಣವೆಂದು ಕಂಪನಿ ಹೇಳಿತು. ಆ ತರಂಗಾಂತರದ ಕೆಳಭಾಗವನ್ನು ಪರವಾನಗಿ ಮುಕ್ತಗೊಳಿಸುವ ಕರಡು ನಿಯಮಗಳನ್ನು ದೂರಸಂಪರ್ಕ ಇಲಾಖೆ ಪ್ರಕಟಿಸಿದ್ದು 2025ರ ಮೇ ತಿಂಗಳಲ್ಲಿ. ಚಿತ್ರದ ಬಲವನ್ನು ಚಿಪ್ ಮಾತ್ರ ನಿರ್ಧರಿಸುವುದಿಲ್ಲ, ಸರ್ಕಾರದ ಕಡತವೂ ನಿರ್ಧರಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಅದೇ ಸರ್ಕಾರಿ ಕಡತ ಅನುಕೂಲವನ್ನೂ ಮಾಡಿದ್ದುಂಟು. 2018ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಗೇಮ್ ಕನ್ಸೋಲ್‌ಗಳ ತೆರಿಗೆಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಿತ್ತು.

ಹಳೇಬೀಡು ತೆರೆಯ ಮೇಲೆ

ಇಷ್ಟು ಕೊಳ್ಳುವವರ ಮಾತಾಯಿತು. ಇನ್ನು ಎರಡನೆಯ, ಹೆಚ್ಚು ಗಹನವಾದ ಪ್ರಶ್ನೆಗೆ ಬರೋಣ. ಈ ಬಲವೆಲ್ಲ ಬಿಡಿಸುವುದು ಯಾರ ಚಿತ್ರವನ್ನು?

2017ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ಆಟ ಕನ್ನಡಿಗರಿಗೆ ಮುಖ್ಯವಾದುದು. ಸೋನಿಗೆ ಸೇರಿದ ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಸಂಸ್ಥೆ ನಿರ್ಮಿಸಿದ ಈ ಆಟದ ಕಥೆ ನಡೆಯುವುದು ಪಶ್ಚಿಮ ಘಟ್ಟಗಳಲ್ಲಿ. ಹುಡುಕಾಟ ಗಣೇಶನ ದಂತಕ್ಕಾಗಿ, ಹಿನ್ನೆಲೆ ಹೊಯ್ಸಳ ಸಾಮ್ರಾಜ್ಯ, ಊರುಗಳು ಹಳೇಬೀಡು ಮತ್ತು ಬೇಲೂರು. ಕೋಟಿಗಟ್ಟಲೆ ಜನ ಆಡುವ ಯಂತ್ರದಲ್ಲಿ ಹೊಯ್ಸಳರ ಹೆಸರು ಕೇಳಿಬಂದದ್ದು ಸಣ್ಣ ಸಂಗತಿಯಲ್ಲ. ಎಲೆಯ ಮೇಲಿನ ಬೆಳಕು, ಪಾಚಿ ಕಟ್ಟಿದ ಕಲ್ಲು, ಕೆಸರಿನಲ್ಲಿ ಹೂತ ಜೀಪಿನ ಚಕ್ರ ಎಲ್ಲವೂ ಆ ಯಂತ್ರದ ಬಲವನ್ನು ತುತ್ತತುದಿಗೆ ಒಯ್ದು ತೋರಿಸಿದವು.

ಆದರೆ ಹಾಸನ ಜಿಲ್ಲೆಯ ಬಯಲಿನಲ್ಲಿರುವ ಹಳೇಬೀಡು ಅಲ್ಲಿ ಜಲಪಾತಗಳ ನಡುವಿನ ಕಾಡು ನಗರಿಯಾಗಿದೆ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಬಳಪದ ಕಲ್ಲಿನ ಕುಸುರಿ ಬೇರೆ, ಆಟದ ಬೃಹತ್ ಪ್ರತಿಮೆಗಳ ಗಾತ್ರವೇ ಬೇರೆ. ಹೊಯ್ಸಳ ಶಿಲ್ಪದ ಜೀವ ಇರುವುದು ಗಾತ್ರದಲ್ಲಲ್ಲ, ಅಂಗುಲದಷ್ಟು ಜಾಗದಲ್ಲಿ ಕಂಡರಿಸಿದ ಸೂಕ್ಷ್ಮದಲ್ಲಿ. ಆಟ ಕಲ್ಪನೆಯ ಕೃತಿ, ಅದಕ್ಕೆ ಸ್ವಾತಂತ್ರ್ಯವಿದೆ ಎಂಬುದನ್ನು ಒಪ್ಪೋಣ. ಆದರೂ ಒಂದು ಮಾತನ್ನು ಗಮನಿಸಬೇಕು. 2022ರ ಜನವರಿಯಲ್ಲಿ ಇದೇ ಆಟವನ್ನು ಪ್ಲೇಸ್ಟೇಷನ್ 5ಕ್ಕೆ ಪರಿಷ್ಕರಿಸಲಾಯಿತು. 4ಕೆ ಚಿತ್ರ ಬಂತು, ಸೆಕೆಂಡಿಗೆ 60 ಚಿತ್ರಗಳ ಆಯ್ಕೆ ಬಂತು, ಬೇಕಾದವರಿಗೆ 120ರ ಆಯ್ಕೆಯೂ ಬಂತು. ಯಂತ್ರದ ಬಲ 1.84ರಿಂದ 10.28 ಟೆರಾಫ್ಲಾಪ್‌ಗೆ, ಅಂದರೆ ಐದೂವರೆ ಪಟ್ಟು ಏರಿತ್ತು. ಹಳೇಬೀಡು ಮಾತ್ರ ಘಟ್ಟದ ಜಲಪಾತಗಳ ಬಳಿಯೇ ಉಳಿಯಿತು. ಕನ್ನಡದಲ್ಲಿ ಒಂದು ಉಪಶೀರ್ಷಿಕೆಯೂ ಬರಲಿಲ್ಲ. ಟೆರಾಫ್ಲಾಪ್ ಹೆಚ್ಚಿದರೆ ಚಿತ್ರ ಸ್ಪಷ್ಟವಾಗುತ್ತದೆ, ಸತ್ಯ ಸ್ಪಷ್ಟವಾಗಬೇಕಾದರೆ ತಿಳಿದವರು ಬೇಕು.

ತೋರಣಗಲ್ಲಿನ ಹಂಪಿ

ತಿಳಿದವರು ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಸಂಡೂರು ತಾಲ್ಲೂಕಿನಲ್ಲಿಯೇ ನಿದರ್ಶನವಿದೆ. ಜೆಫ್ರಿ ಶಾ, ಸಾರಾ ಕೆಂಡರ್ಡೈನ್ ಮತ್ತು ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಸೇರಿ 2006ರಲ್ಲಿ 'ಪ್ಲೇಸ್ ಹಂಪಿ' ಎಂಬ ಕಲಾಕೃತಿಯನ್ನು ರೂಪಿಸಿದರು. ದುಂಡನೆಯ ತೆರೆಯ ನಡುವೆ, ತಿರುಗುವ ವೇದಿಕೆಯ ಮೇಲೆ ನಿಂತ ನೋಡುಗ ಮೂರು ಆಯಾಮದ ಕನ್ನಡಕ ಧರಿಸಿ ಹಂಪಿಯ ಸ್ಮಾರಕಗಳ ನಡುವೆ ಸುತ್ತಾಡಬಹುದು. ವಿದೇಶಗಳಲ್ಲಿ ಪ್ರದರ್ಶನ ಕಂಡ ಈ ಕೃತಿಗೆ ತೋರಣಗಲ್ಲಿನ ವಿದ್ಯಾನಗರದಲ್ಲಿ 2012ರಲ್ಲಿ 'ಕಲಾಧಾಮ' ಎಂಬ ನೆಲೆ ಸಿಕ್ಕಿತು.

ಅದನ್ನು ಓಡಿಸಿದ 2006ರ ಕಂಪ್ಯೂಟರ್‌ಗಳ ಬಲ ಇಂದಿನ ಸೀರೀಸ್ ಎಸ್‌ಗೂ ಸಾಟಿಯಲ್ಲ. ಆದರೂ ಅಲ್ಲಿ ಕಾಣುವುದು ಹಂಪಿಯೇ, ಹಂಪಿಯಂತಹ ಯಾವುದೋ ಊರಲ್ಲ. ಗೋಲಿಂಗ್ಸ್ ಅವರು 1980ರ ದಶಕದಿಂದ ಇಲ್ಲಿಯ ಬಂಡೆ, ಮಂಟಪ, ಬೆಳಕುಗಳನ್ನು ಚಿತ್ರೀಕರಿಸುತ್ತ ಬಂದವರು. ಪುರಾತತ್ತ್ವಜ್ಞರ ದಶಕಗಳ ಕೆಲಸ ಅದರ ಬೆನ್ನಿಗಿತ್ತು. ಇದಲ್ಲದೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಭಾರತೀಯ ಡಿಜಿಟಲ್ ಪರಂಪರೆ ಯೋಜನೆಗೆ ಹಂಪಿಯನ್ನೇ ಪ್ರಯೋಗಭೂಮಿಯಾಗಿ ಆರಿಸಿಕೊಂಡಿತ್ತು. ದೆಹಲಿ, ಮುಂಬೈ ಐಐಟಿಗಳ ಜೊತೆಗೆ ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಕೂಡ ಅದರಲ್ಲಿ ದುಡಿಯಿತು. ಆ ಸಂಶೋಧನೆಯ ಸಾರ 'ಡಿಜಿಟಲ್ ಹಂಪಿ' ಎಂಬ ಇಂಗ್ಲಿಷ್ ಗ್ರಂಥವಾಗಿ 2017ರಲ್ಲಿ ಹೊರಬಂತು. ಅಂದರೆ ಹಂಪಿಯನ್ನು ತೆರೆಗೆ ತರುವ ವಿದ್ಯೆಯೂ ನಮ್ಮಲ್ಲಿದೆ, ಅದಕ್ಕೆ ಬೇಕಾದ ಸಾಮಗ್ರಿಯೂ ಇದೆ. ಅವು ಆಟವಾಗಿ ಮಕ್ಕಳ ಕೈಗೆ ಬಂದಿಲ್ಲ ಅಷ್ಟೇ.

ಸಾಮಗ್ರಿಯ ಮಾತು ಬಂದಾಗ ಸಂಡೂರಿನ ಲಂಬಾಣಿ ಕಸೂತಿಯನ್ನು ನೆನೆಯಬೇಕು. ಭೌಗೋಳಿಕ ಗುರುತು ಪಡೆದ ಈ ಕಲೆಯ 1,755 ವಸ್ತುಗಳನ್ನು 2023ರ ಜುಲೈನಲ್ಲಿ ಹಂಪಿಯ ಜಿ20 ಸಂಸ್ಕೃತಿ ಸಭೆಯ ವೇಳೆ ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಪ್ಲೇಸ್ಟೇಷನ್ 5, ಸೀರೀಸ್ ಎಕ್ಸ್ ಎರಡೂ ಹೆಮ್ಮೆಯಿಂದ ಹೇಳಿಕೊಳ್ಳುವ ರೇ ಟ್ರೇಸಿಂಗ್ ಎಂದರೆ ಬೆಳಕಿನ ಕಿರಣ ಯಾವ ಮೈಗೆ ತಾಗಿ ಎತ್ತ ಚಿಮ್ಮುತ್ತದೆ ಎಂಬುದನ್ನು ಲೆಕ್ಕ ಹಾಕುವ ವಿಧಾನ. ನೂರಾರು ಪುಟ್ಟ ಕನ್ನಡಿಗಳನ್ನು ಹೊಲಿದ, ನಡೆದಾಗ ಪ್ರತಿ ಮಡಿಕೆಯೂ ಮಿಂಚುವ ಲಂಬಾಣಿ ಪೇಟಿಯ (ಲಂಗದ) ಮೇಲೆ ಸಂಜೆಯ ಬಿಸಿಲು ಬಿದ್ದ ದೃಶ್ಯಕ್ಕಿಂತ ಆ ವಿಧಾನಕ್ಕೆ ಬೇರೆ ಪರೀಕ್ಷೆ ಬೇಕೆ? ಎರಡು ಯಂತ್ರಗಳ ಗ್ರಾಫಿಕ್ಸ್ ತೂಗಲು ಜಗತ್ತು ಕಾರಿನ ಮೈಬಣ್ಣವನ್ನೂ ಮಳೆ ನೀರಿನ ಗುಂಡಿಯನ್ನೂ ಬಳಸುತ್ತಿದೆ. ಸಂಡೂರಿನ ಕಸೂತಿಯನ್ನು ಅದು ಕಂಡಿಲ್ಲ.

ಅದಿರು ಮತ್ತು ಉಕ್ಕು

ಹಾಗಾದರೆ ಕನ್ನಡ ನಾಡಿನ ಕೈಗಳು ಈ ಉದ್ಯಮದಲ್ಲಿ ಇಲ್ಲವೆ? ಇವೆ, ಮೊದಲಿನಿಂದಲೂ ಇವೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್, ಭಾರತದ ಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದು. ಅಲ್ಲಿಯ ಕಲಾವಿದರು ಮೈಕ್ರೋಸಾಫ್ಟ್‌ನ 'ಫೋರ್ಜಾ' ಸರಣಿ, 'ಸೀ ಆಫ್ ಥೀವ್ಸ್'ಗಳಿಗೂ ಸೋನಿಯ 'ಡೇಸ್ ಗಾನ್'ಗೂ ಚಿತ್ರಕೆಲಸ ಮಾಡಿದರು. ಯಾವ ಯಂತ್ರದ ಗ್ರಾಫಿಕ್ಸ್ ಮೇಲು ಎಂದು ಜಗಳವಾಡುವ ಎರಡೂ ಪಾಳೆಯಗಳಿಗೆ ಬೆಂಗಳೂರಿನ ಒಂದೇ ಛಾವಣಿಯಡಿ ಕೆಲಸ ನಡೆದಿತ್ತು ಎಂಬುದು ಸ್ವಾರಸ್ಯದ ಸಂಗತಿ. ಆ ಸಂಸ್ಥೆಯನ್ನು ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ 79 ಲಕ್ಷ ಡಾಲರ್‌ಗೆ ಕೊಂಡುಕೊಂಡಿತು.

ಗಣಿನಾಡಿನ ಓದುಗರಿಗೆ ಈ ಕಥೆ ಅಪರಿಚಿತವೆನಿಸದು. ಕಳೆದ ಶತಮಾನದ ಕೊನೆಯಿಂದ 2010ರವರೆಗೆ ಇಲ್ಲಿಯ ಕೆಂಪು ಮಣ್ಣು ಹಡಗು ಹತ್ತಿ ಚೀನಾ ಸೇರುತ್ತಿತ್ತು. ಅದಿರಿನ ಬೆಲೆ ಇಲ್ಲಿಗೆ, ಉಕ್ಕಿನ ಬೆಲೆ ಅಲ್ಲಿಗೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಷೇಧಿಸಿತು, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅದಿರಿಗೂ ಉಕ್ಕಿಗೂ ಇರುವ ಅಂತರವನ್ನು ಆ ವರ್ಷಗಳು ನಮಗೆ ಚೆನ್ನಾಗಿ ಕಲಿಸಿವೆ. ಗೇಮ್ ಉದ್ಯಮದಲ್ಲಿ ಕಲಾವಿದನ ಗಂಟೆಯ ದುಡಿಮೆ ಅದಿರು, ಆಟದ ಹಕ್ಕು ಉಕ್ಕು. ನಾವು ಈಗಲೂ ಬಹುಮಟ್ಟಿಗೆ ಅದಿರನ್ನೇ ಕಳುಹಿಸುತ್ತಿದ್ದೇವೆ. ಕಾರಿನ ಚಕ್ರವನ್ನು ಬಿಡಿಸಿದ ಕೈಗೆ ಸಂಬಳ ಸಿಗುತ್ತದೆ, ಆಟ ಮಾರಿದ ಲಾಭವೂ ಕಥೆಯನ್ನು ನಿರ್ಧರಿಸುವ ಅಧಿಕಾರವೂ ಸಿಗುವುದಿಲ್ಲ. ಆ ಅಧಿಕಾರವಿಲ್ಲದ ಕಾರಣದಿಂದಲೇ ಹಳೇಬೀಡು ಜಲಪಾತದ ಬಳಿ ಹೋಗಿ ನಿಲ್ಲುತ್ತದೆ.

ಸಂಬಳದ ಕೆಲಸವನ್ನು ಹೀಗಳೆಯುವುದು ಸರಿಯಲ್ಲ. ಸಾವಿರಾರು ಕುಟುಂಬಗಳು ಅದರಿಂದ ಬದುಕಿವೆ, ಕುಶಲತೆ ಬೆಳೆದದ್ದೂ ಅದರಿಂದಲೇ. ಕುಶಲತೆ ಇಷ್ಟಿದ್ದ ಮೇಲೆ ಸ್ವಂತ ಆಟಕ್ಕೆ ಬಲಿಷ್ಠ ಯಂತ್ರವೇ ಬೇಕೆಂಬ ಅಳುಕೂ ಬೇಕಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆ 2020ರ ಆಗಸ್ಟ್‌ನಲ್ಲಿ 'ರಾಜಿ' ಎಂಬ ಆಟವನ್ನು ತಂದಿತು. ರಾಜಸ್ಥಾನದ ವಾಸ್ತುವೂ ಪಹಾಡಿ ಚಿತ್ರಶೈಲಿಯೂ ಅದರ ಒಡಲು. ಅದು ಮೊದಲು ಬಂದದ್ದು ನಿಂಟೆಂಡೊ ಸ್ವಿಚ್‌ಗೆ. ಅದರ ಗ್ರಾಫಿಕ್ಸ್ ಬಲ ಅರ್ಧ ಟೆರಾಫ್ಲಾಪ್‌ಗೂ ಕಡಿಮೆ. ಅದೇ ಸ್ವಿಚ್ ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಗಿದೆ ಎಂಬುದನ್ನೂ ನೆನಪಿಡಬೇಕು. ದುರ್ಬಲ ಯಂತ್ರದಲ್ಲಿ ತಮ್ಮದೇ ಚಿತ್ರವನ್ನು ಬಿಡಿಸಿದವರು ಪುಣೆಯವರು. ಬಲಿಷ್ಠ ಯಂತ್ರಕ್ಕೆ ಪರರ ಚಿತ್ರವನ್ನು ಬಿಡಿಸಿಕೊಟ್ಟವರು ನಾವು.

ಮಾಡಬಹುದಾದದ್ದು

ಕರ್ನಾಟಕ ಸರ್ಕಾರ ಆನಿಮೇಷನ್ ಮತ್ತು ಗೇಮಿಂಗ್‌ಗಾಗಿ ಪ್ರತ್ಯೇಕ ನೀತಿಯನ್ನು 2012ರಲ್ಲಿಯೇ ತಂದಿತು. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಆದರೆ ಉದ್ಯಮವಿರುವುದು ಬೆಂಗಳೂರಿನಲ್ಲಿ, ಕಥೆ ಮತ್ತು ಕಲ್ಲು ಇರುವುದು ಇಲ್ಲಿ. ಈ ಎರಡನ್ನು ಕೂಡಿಸಲು ಹೊಸ ಹಣವನ್ನೇನೂ ಹುಡುಕಬೇಕಿಲ್ಲ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ರೂಪುಗೊಂಡ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಶಿಕ್ಷಣವೂ ಕೌಶಲ ಅಭಿವೃದ್ಧಿಯೂ ಆದ್ಯತೆಯ ವಲಯಗಳೇ ಆಗಿವೆ. ಸಂಡೂರಿನಲ್ಲಿ ಒಂದು ಡಿಜಿಟಲ್ ಕಲಾ ಪ್ರಯೋಗಾಲಯ, ಅಲ್ಲಿ ಇಪ್ಪತ್ತು ಕಂಪ್ಯೂಟರ್, ಒಂದೆರಡು ಮೂರು ಆಯಾಮದ ಸ್ಕ್ಯಾನರ್, ಕಲಿಸುವ ಇಬ್ಬರು. ಅದಕ್ಕೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಇತಿಹಾಸ ಹಾಗೂ ದೃಶ್ಯಕಲೆಯ ವಿದ್ವಾಂಸರ ನೆರವು. ಲಂಬಾಣಿ ಕಸೂತಿಯ ಒಂದೊಂದು ಹೊಲಿಗೆಯನ್ನೂ, ವಿಠ್ಠಲ ದೇವಾಲಯದ ಒಂದೊಂದು ಕಂಬವನ್ನೂ, ಕುಮಾರಸ್ವಾಮಿ ಬೆಟ್ಟದ ಕಾಡನ್ನೂ ಅಳೆದು ದಾಖಲಿಸಿ, ಆಟ ಕಟ್ಟುವವರಿಗೆ ಸರಿಯಾದ ಶರತ್ತಿನ ಮೇಲೆ ಒದಗಿಸುವ ಒಂದು ಭಂಡಾರ ಇಲ್ಲಿ ಹುಟ್ಟಬಹುದು. ಆ ಶರತ್ತುಗಳಲ್ಲಿ ಕಸೂತಿ ಹೊಲಿಯುವ ಮಹಿಳೆಯರಿಗೆ ಸಲ್ಲಬೇಕಾದ ಪಾಲೂ ಸೇರಿರಬೇಕು. ಇಲ್ಲವಾದರೆ ಇನ್ನೊಂದು ಬಗೆಯ ಗಣಿಗಾರಿಕೆ ಆರಂಭವಾದಂತೆಯೇ ಸರಿ.

ಇಂತಹ ಪ್ರಸ್ತಾವಕ್ಕೆ, ಕುಡಿಯುವ ನೀರಿಲ್ಲದ ಹಳ್ಳಿಗಳಿರುವಾಗ ಆಟಕ್ಕೆ ಹಣವೇಕೆ ಎಂಬ ಆಕ್ಷೇಪ ಬರಬಹುದು. ಆಕ್ಷೇಪ ನ್ಯಾಯವಾದುದು, ನೀರಿಗೇ ಮೊದಲ ಪಾಲು ಸಲ್ಲಬೇಕು. ಆದರೆ ಅದಿರು ಒಂದು ದಿನ ಮುಗಿಯುವಂತಹುದು. ಅದು ಮುಗಿದ ಮೇಲೆ ಇಲ್ಲಿಯ ಮಕ್ಕಳು ಏನು ಮಾಡಬೇಕು ಎಂಬ ಚಿಂತೆಗಾಗಿಯೇ ಆ ನಿಧಿಯಲ್ಲಿ ಕೌಶಲಕ್ಕೆ ಜಾಗ ಮಾಡಿರುವುದು.

ಕೊಳ್ಳುವ ತಂದೆತಾಯಿಗಳಿಗೆ ಕೊನೆಯದಾಗಿ ಹೇಳುವುದಾದರೆ, ಎರಡು ದೊಡ್ಡ ಯಂತ್ರಗಳ ನಡುವಿನ ಗ್ರಾಫಿಕ್ಸ್ ವ್ಯತ್ಯಾಸಕ್ಕಾಗಿ ನಿದ್ದೆಗೆಡಬೇಕಿಲ್ಲ. ಟಿವಿ ಯಾವುದು, ಇಂಟರ್ನೆಟ್ ಎಷ್ಟು, ಡಿಸ್ಕ್ ಬೇಕೆ ಬೇಡವೆ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆಯ್ಕೆ ತಾನಾಗಿ ಆಗುತ್ತದೆ. 'ಗ್ರ್ಯಾಂಡ್ ಥೆಫ್ಟ್ ಆಟೋ'ದಂತಹ ಸರಣಿ ವಯಸ್ಕರಿಗಾಗಿ ಮಾಡಿದ್ದು ಎಂಬುದನ್ನೂ ಮಗನ ಒತ್ತಾಯದ ನಡುವೆ ಮರೆಯಬಾರದು. ಯಂತ್ರ ಮನೆಗೆ ಬಂದ ಮೇಲೆ ಮಗ ಅಥವಾ ಮಗಳು ಹಳೇಬೀಡಿನ ಆ ಕಾಡಿನಲ್ಲಿ ಜೀಪು ಓಡಿಸುತ್ತಿದ್ದರೆ ಪಕ್ಕದಲ್ಲಿ ಕುಳಿತು ನೋಡಿ. ಒಂದು ಭಾನುವಾರ ಬೇಲೂರು ಹಳೇಬೀಡಿಗೋ, ಇಲ್ಲೇ ಹತ್ತಿರದ ಹಂಪಿಗೋ ಕರೆದೊಯ್ದು ಆಟದಲ್ಲಿ ಏನು ತಪ್ಪಿದೆ ಎಂದು ಕೇಳಿ. ಆ ತಪ್ಪನ್ನು ಗುರುತಿಸಬಲ್ಲ ಮಕ್ಕಳೇ ಮುಂದೊಂದು ದಿನ ಸರಿಯಾದ ಚಿತ್ರವನ್ನು ಬಿಡಿಸಬಲ್ಲವರು.